ಅಫ್ರೊಡೈಟಿಯ ಮೂರು ಕೆಂಪು

ಗ್ರೀಕರ ಪ್ರೇಮದೇವತೆ ಅಫ್ರೊಡೈಟಿ ಎಂದರೆ ಸಮುದ್ರದ ನೊರೆಯಿಂದ ಎದ್ದುಬಂದ ಕಥೆಯನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಅವಳು ಅತ್ತ ಕಥೆ ಹೆಚ್ಚು ಇಷ್ಟ. ಪ್ರಿಯಕರ ಅಡೋನಿಸ್ ಬೇಟೆಗೆ ಹೋಗಿ ಕಾಡುಹಂದಿಯ ಕೋರೆಗೆ ಸಿಕ್ಕಿ ಸತ್ತ. ನೆತ್ತರು ಬಿದ್ದಲ್ಲಿ ಕೆಂಪು ಹೂವು ಅರಳಿತು. ಲೆಬನಾನಿನಲ್ಲಿ ಒಂದು ನದಿಯೇ ಕೆಂಪಾಯಿತು.

ಆ ನದಿ ಈಗಲೂ ಇದೆ, ಇಬ್ರಾಹಿಂ ನದಿ ಎಂಬ ಹೆಸರಿನಲ್ಲಿ. ಅಫ್ಕಾ ಎಂಬಲ್ಲಿ ಸುಣ್ಣಕಲ್ಲಿನ ಗುಹೆಯಿಂದ ಧುಮುಕಿ, ಬಿಬ್ಲೋಸ್ ಪಟ್ಟಣದ ದಕ್ಷಿಣಕ್ಕೆ ಮೆಡಿಟರೇನಿಯನ್ ಸೇರುತ್ತದೆ. ಅಫ್ಕಾದಲ್ಲಿದ್ದ ದೇವಿಯ ಗುಡಿಯನ್ನು 4ನೇ ಶತಮಾನದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಕೆಡವಿಸಿದ. ಅದಕ್ಕೂ ಮೊದಲು ವರ್ಷಕ್ಕೊಮ್ಮೆ ನೀರು ಕೆಂಪಾದಾಗ ಬಿಬ್ಲೋಸಿನ ಜನ ಎದೆ ಬಡಿದುಕೊಂಡು ಅಡೋನಿಸನಿಗಾಗಿ ಅಳುತ್ತಿದ್ದರು.

ಹಿಂದಿನವರು ಎಲ್ಲವನ್ನೂ ಕಣ್ಣುಮುಚ್ಚಿ ನಂಬುತ್ತಿದ್ದರು ಎನ್ನುವವರನ್ನು ಕಂಡರೆ ನನಗೆ ರೇಗುತ್ತದೆ. 2ನೇ ಶತಮಾನದ ಗ್ರೀಕ್ ಲೇಖಕ ಲೂಸಿಯನ್ ಹೆಸರಿನಲ್ಲಿ ಉಳಿದಿರುವ ಬರಹವೊಂದರಲ್ಲಿ ಬಿಬ್ಲೋಸಿನವನೊಬ್ಬ ಬರುತ್ತಾನೆ. ಅವನ ಮಾತು ಸರಳ: ಲೆಬನಾನಿನ ಮಣ್ಣೇ ಕೆಂಪು, ಆ ದಿನಗಳ ಬಿರುಗಾಳಿ ಅದನ್ನು ಹೊಳೆಗೆ ತಂದು ಸುರಿಯುತ್ತದೆ, ರಕ್ತವೂ ಇಲ್ಲ ಗಿಕ್ತವೂ ಇಲ್ಲ. ಕೇಳಿದ ಲೇಖಕ ಒಪ್ಪಿದಂತೆ ಮಾಡಿ, ಗಾಳಿ ಅಷ್ಟು ಸರಿಯಾದ ಹೊತ್ತಿಗೆ ಬೀಸುವುದರಲ್ಲಿ ದೈವದ ಕೈವಾಡ ಇರಲೇಬೇಕು ಎಂದು ಬರೆದುಬಿಟ್ಟ! ಋತುಮಾನ ಎಂಬುದೊಂದಿದೆ ಮಾರಾಯ, ಎಂದು ಕೂಗಿ ಹೇಳಬೇಕೆನಿಸುತ್ತದೆ.

ಮಣ್ಣು ಕೆಂಪಾದದ್ದು ಹೇಗೆ? ಮಣ್ಣು ಬೆರೆತ ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಸೋಸಿದರೆ ಬಟ್ಟೆಯ ಮೇಲೆ ಕಸ ನಿಲ್ಲುತ್ತದಲ್ಲ, ಹಾಗೆ. ಸುಣ್ಣಕಲ್ಲು ಬೆಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾದ ಮಳೆನೀರು ಅದನ್ನು ಸಾವಿರಾರು ವರ್ಷ ಕರಗಿಸುತ್ತದೆ. ಕಲ್ಲಿನೊಳಗಿದ್ದ ಒಂದಿಷ್ಟು ಜೇಡಿಯೂ ಕಬ್ಬಿಣವೂ ಕರಗದೆ ಗಸಿಯಾಗಿ ಉಳಿಯುತ್ತವೆ. ಕಾಫಿ ಸೋಸಿದ ಮೇಲಿನ ಚರಟ ಎಂದರೂ ಸರಿಯೇ, ಇಲ್ಲಿ ಸೋಸುವವರು ಯಾರೂ ಇಲ್ಲ ಅಷ್ಟೆ. ಆ ಕಬ್ಬಿಣ ಆಮ್ಲಜನಕದೊಡನೆ ಕೂಡಿ, ಬೇಸಿಗೆಯ ಒಣಹವೆಯಲ್ಲಿ ಹೆಮಟೈಟ್ ಎಂಬ ಕೆಂಪು ಖನಿಜವಾಗುತ್ತದೆ. ಮಳೆ ಬಂದರೆ ಎಲ್ಲವೂ ಹೊಳೆಗೆ. ಮುಂಗಾರಿನಲ್ಲಿ ನೇತ್ರಾವತಿಯ ಕೆನ್ನೀರು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೆಮಟೈಟ್ ಎಂಬ ಹೆಸರಿನಲ್ಲೇ ಗ್ರೀಕರ ‘ಹೈಮ’ ಇದೆ, ಅಂದರೆ ರಕ್ತ. ಇಲ್ಲಿಂದಲೇ ಒಂದು ತಪ್ಪು ತಿಳಿವಳಿಕೆ ಹೊರಡುತ್ತದೆ: ತುಕ್ಕಿನಲ್ಲೂ ಕಬ್ಬಿಣ, ನೆತ್ತರಿನಲ್ಲೂ ಕಬ್ಬಿಣ, ಹಾಗಾಗಿ ನೆತ್ತರು ತುಕ್ಕಿನಂತೆ ಕೆಂಪು ಎಂದು. ಅಲ್ಲ. ರಕ್ತದ ಬಣ್ಣ ಹೀಮ್ ಎಂಬ ಅಣುವಿನದು. ಅದೊಂದು ಉಂಗುರ, ನಡುವೆ ಹರಳಿನಂತೆ ಕೂತಿರುವುದು ಒಂದೇ ಒಂದು ಕಬ್ಬಿಣದ ಪರಮಾಣು. ಉಂಗುರವೂ ಹರಳೂ ಕೂಡಿ ಹಸಿರು ಬೆಳಕನ್ನು ನುಂಗಿ ಕೆಂಪನ್ನು ಬಿಟ್ಟುಕೊಡುತ್ತವೆ. ಇದನ್ನು ಹೋಲುವ ಇನ್ನೊಂದು ಉಂಗುರದಲ್ಲಿ ಮೆಗ್ನೀಸಿಯಂ ಹರಳಿದೆ. ಅದು ಎಲೆಗಳ ಪತ್ರಹರಿತ್ತು!

ಇನ್ನು ಹೂವು. ರೋಮನ್ ಕವಿ ಓವಿಡ್ ವರ್ಣಿಸಿದ, ಗಾಳಿಗೆ ಬೇಗ ಉದುರುವ ಆ ಹೂವನ್ನು ಅನಿಮೋನ್ ಎಂದು ಗುರುತಿಸುತ್ತಾರೆ. ಗ್ರೀಕಿನಲ್ಲಿ ‘ಅನೆಮೋಸ್’ ಎಂದರೆ ಗಾಳಿ. ಅದರ ಎಸಳಿನ ಕೆಂಪಿಗೆ ಕಬ್ಬಿಣದ ಹಂಗಿಲ್ಲ, ಅದು ಆಂಥೊಸಯನಿನ್ ವರ್ಗದ ಬಣ್ಣ. ಕೆಂಪು ದಾಸವಾಳದಲ್ಲಿರುವುದೂ ಅದೇ ವರ್ಗದ್ದು. ದಾಸವಾಳದ ರಸಕ್ಕೆ ಸುಣ್ಣದ ತಿಳಿ ಹಾಕಿದರೆ ಹಸಿರಾಗುತ್ತದೆ, ನಿಂಬೆರಸ ಹಿಂಡಿದರೆ ಕೆಂಪು ಏರುತ್ತದೆ. ನೆತ್ತರಾಗಲಿ ಕೆಮ್ಮಣ್ಣಾಗಲಿ ಈ ಆಟ ಆಡುವುದಿಲ್ಲ. ಅಂದಹಾಗೆ, ಆ ಸೀಮೆಯ ಬೆಟ್ಟಗಳಲ್ಲಿ ಇದೇ ಜಾತಿಯ ಅನಿಮೋನ್ ನೇರಳೆ, ಬಿಳಿ ಬಣ್ಣಗಳಲ್ಲೂ ಅರಳುತ್ತದೆ. ಕಥೆ ಕಟ್ಟಿದವರು ಅವುಗಳ ಗೊಡವೆಗೆ ಹೋಗಲಿಲ್ಲ.