ಪ್ಲಂಬರ್ ಹೆಸರಿನೊಳಗೆ ಸೀಸ

ಹೋದ ವಾರ ಮನೆಗೆ ಬಂದ ಪ್ಲಂಬರ್ ಹಳೇ ಜಿಐ ಪೈಪಿನ ತುಂಡೊಂದನ್ನು ಕತ್ತರಿಸಿ ನನ್ನ ಕೈಗಿಟ್ಟರು. ಬೆಂಗಳೂರಿನ ಬೋರ್‌ವೆಲ್ ನೀರು ಅದರೊಳಗೆ ಕಿರುಬೆರಳೂ ತೂರದಷ್ಟು ಬಿಳಿ ಪದರ ಕಟ್ಟಿಸಿತ್ತು. ಅದನ್ನು ನೋಡಿದಾಗ ನನಗೆ ನೆನಪಾದದ್ದು ರೋಮ್.

ಲ್ಯಾಟಿನ್ನಿನಲ್ಲಿ 'ಪ್ಲಂಬಂ' ಅಂದರೆ ಸೀಸ. ಶಾಲೆಯಲ್ಲಿ ಸೀಸಕ್ಕೆ 'ಪಿಬಿ' ಅಂತ ಉರು ಹೊಡೆದಿದ್ದೆವಲ್ಲ, ಅದರ ಮೂಲವೂ ಇದೇ. ರೋಮನ್ನರು ಸೀಸದ ತಗಡನ್ನು ಸುತ್ತಿ, ಅಂಚು ಬೆಸೆದು ಕೊಳಾಯಿ ಮಾಡುತ್ತಿದ್ದರು. ಆ ಕೆಲಸದವನು 'ಪ್ಲಂಬಾರಿಯಸ್'. ಗೋಡೆ ನೆಟ್ಟಗಿದೆಯಾ ಅಂತ ಮೇಸ್ತ್ರಿ ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡಿನ ಇಂಗ್ಲಿಷ್ ಹೆಸರು 'ಪ್ಲಂಬ್ ಬಾಬ್'. ಅಲ್ಲೂ ಸೀಸವೇ. ಇಂಗ್ಲಿಷರು 'ಪ್ಲಮರ್' ಅನ್ನುತ್ತಾರೆ, ಬಕಾರ ಬರೀ ಬರವಣಿಗೆಯಲ್ಲಿದೆ. ನಾವು ಬರೆದಂತೆ ಓದುವವರು. ಹಾಗಾಗಿ ಲ್ಯಾಟಿನ್ನಿನ ಬಕಾರ ನಮ್ಮ ಬಾಯಲ್ಲಿ ಇನ್ನೂ ಗಟ್ಟಿಯಾಗಿದೆ. ಅದನ್ನು ತಪ್ಪು ಅಂತ ತಿದ್ದಬೇಡಿ!

ಸೀಸದ ಕೊಳಾಯಿಯ ನೀರು ಕುಡಿದೇ ರೋಮ್ ಹಾಳಾಯಿತು ಅನ್ನುವ ಮಾತು ಎಲ್ಲೆಡೆ ಓಡಾಡುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. ರೋಮ್‌ಗೆ ಬರುತ್ತಿದ್ದ ನೀರೂ ನಮ್ಮ ಬೋರ್‌ವೆಲ್ ನೀರಿನಂತೆ ಗಡಸು. ಅದರಲ್ಲಿ ಕರಗಿದ ಸುಣ್ಣದಂಶ ಕೊಳಾಯಿಯ ಒಳಮೈಗೆ ಪದರ ಪದರವಾಗಿ ಕೂರುತ್ತದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿದರೆ ಹುಳಿ ಲೋಹವನ್ನು ಮುಟ್ಟುವುದಿಲ್ಲ, ಅಲ್ವಾ? ಹಾಗೇ ಇದು. ಮಣ್ಣಿನ ಗೋಡೆಗೆ ಸುಣ್ಣ ಬಳಿದಂತೆ ಅಂದರೂ ಸರಿ, ಗೀಸರ್ ಕಾಯಿಲ್ ಮೇಲಿನ ಬಿಳಿ ಪೊರೆಯಂತೆ ಅಂದರೂ ಸರಿ. ಜೊತೆಗೆ ಆ ನೀರು ಹೆಚ್ಚಾಗಿ ಹರಿಯುತ್ತಲೇ ಇರುತ್ತಿತ್ತು, ಸೀಸ ಕರಗುವಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. 2014ರ ಒಂದು ಅಧ್ಯಯನದ ಪ್ರಕಾರ ಆ ಕೊಳಾಯಿ ನೀರಿನಲ್ಲಿ ಸುತ್ತಲಿನ ಬುಗ್ಗೆಗಳಿಗಿಂತ ಸುಮಾರು 100 ಪಟ್ಟು ಜಾಸ್ತಿ ಸೀಸವಿತ್ತು. ಆದರೆ ಊರಿಗೆ ಊರನ್ನೇ ಕಾಯಿಲೆ ಬೀಳಿಸುವಷ್ಟಲ್ಲ ಅಂತ ಅದೇ ಅಧ್ಯಯನ ಹೇಳಿತು. ಸೀಸದ ಪಾತ್ರೆಯಲ್ಲಿ ದ್ರಾಕ್ಷಿರಸ ಕಾಯಿಸಿ ಪಾಕ ಮಾಡುತ್ತಿದ್ದರಲ್ಲ, ಅದು ಇದಕ್ಕಿಂತ ಕೆಟ್ಟದ್ದು. ಹುಳಿ ರಸ, ಬಿಸಿ ಬೇರೆ.

ಸೀಸ ವಿಷ ಅಂತ ರೋಮನ್ನರಿಗೆ ಗೊತ್ತಿರಲಿಲ್ಲ ಅನ್ನುವುದೂ ಸುಳ್ಳು. ಸುಮಾರು 2000 ವರ್ಷದ ಹಿಂದೆಯೇ ವಿಟ್ರೂವಿಯಸ್ ಎಂಬ ವಾಸ್ತುಶಿಲ್ಪಿ ಮಣ್ಣಿನ ಕೊಳಾಯಿಯೇ ಆರೋಗ್ಯಕ್ಕೆ ಒಳ್ಳೆಯದು ಅಂತ ಬರೆದಿದ್ದ. ಅವನು ಕೊಟ್ಟ ಸಾಕ್ಷಿ ನೀರಿನದಲ್ಲ, ಸೀಸ ಕಾಯಿಸುವ ಕೆಲಸಗಾರರದು. ಆ ಹೊಗೆ ಕುಡಿದು ಅವರ ಮೈಬಣ್ಣ ಬಿಳಿಚಿಕೊಂಡಿತ್ತು.