ಮೂರು ತಿಂಗಳ ಕೂಸಿಗೆ ಬಿಸಿಲುಗಾಲದಲ್ಲಿ ನೀರು ಕುಡಿಸಬೇಕಾ?

ಪ್ರಶ್ನೆ: ನಾವಿರೋದು ಕಲಬುರಗಿಯಲ್ಲಿ. ಮಗಳಿಗೆ ಈ ಏಪ್ರಿಲ್‌ಗೆ ಮೂರು ತಿಂಗಳು ತುಂಬಿತು. ಬರೀ ಎದೆಹಾಲು ಕುಡಿಯುತ್ತಾಳೆ. "ನಮಗೇ ಗಂಟಲ ಆರ್ಲಾಕತ್ತದ, ಕೂಸಿಗಿ ಹ್ಯಾಂಗ ಆಗ್ತಿರಬೇಕು? ಒಂದ್ ಒಳಲೆ ನೀರ ಹಾಕವ್ವ" ಅಂತ ಅತ್ತೆಯವರು ದಿನಾ ಹೇಳುತ್ತಾರೆ. ಡಾಕ್ಟರ್ ಬೇಡ ಅಂದಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ಡಾಕ್ಟರ್ ಮಾತು ಕೇಳಿ. ಎದೆಹಾಲು ಕುಡಿಯುವ ಕೂಸಿಗೆ ಆರು ತಿಂಗಳು ತುಂಬುವವರೆಗೆ ನೀರು ಬೇಡ. ಕಲಬುರಗಿಯ ಮೇ ತಿಂಗಳಲ್ಲೂ ಬೇಡ.

ಇಷ್ಟೇ ಹೇಳಿದರೆ ನಿಮ್ಮ ಅತ್ತೆಯವರು ಒಪ್ಪುವುದಿಲ್ಲ, ನನಗೆ ಗೊತ್ತು. ಬಿಸಿಲಿಗೆ ಹೆದರಿ ಸರ್ಕಾರಿ ಆಫೀಸುಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುವ ಸೀಮೆ ನಮ್ಮದು. ಇಂಥಲ್ಲಿ ಕೂಸಿನ ಗಂಟಲು ಒಣಗಿರಬೇಕು ಅಂತ ಅಜ್ಜಿಗೆ ಅನಿಸದೆ ಇರುತ್ತದಾ? ಅವರ ಚಿಂತೆ ಸರಿಯಾಗಿಯೇ ಇದೆ. ಆ ನೀರು ಯಾರ ಬಾಯಿಗೆ ಹೋಗಬೇಕು ಅನ್ನೋದಷ್ಟೇ ಬೇರೆ. ಅದು ಹೋಗಬೇಕಾದದ್ದು ನಿಮ್ಮ ಬಾಯಿಗೆ.

ಎದೆಹಾಲನ್ನು ನಾವು ಕೂಸಿನ ಊಟ ಅಂತ ಲೆಕ್ಕ ಹಾಕುತ್ತೇವೆ, ಹಾಗಾಗಿ ಮೇಲೆ ನೀರು ಬೇಕು ಅನಿಸುತ್ತದೆ. ಆದರೆ ಆ ಹಾಲಿನಲ್ಲಿ 100ಕ್ಕೆ 87-88 ಪಾಲು ನೀರೇ. ಈ ವಯಸ್ಸಿನ ಕೂಸು ದಿನಕ್ಕೆ ಹೆಚ್ಚುಕಡಿಮೆ 750 ಮಿಲಿಲೀಟರ್ ಹಾಲು ಕುಡಿಯುತ್ತದೆ. ಅಂದರೆ ಸುಮಾರು 650 ಮಿಲಿಲೀಟರ್ ನೀರು ಅದರಲ್ಲೇ ಬಂತು. ಐದಾರು ಕೆಜಿಯ ಕೂಸಿಗೆ ಇದು ಎಷ್ಟು ಅಂತೀರಿ? ತೂಕದ ಲೆಕ್ಕಕ್ಕೆ, ಐವತ್ತು ಕೆಜಿಯ ನೀವು ದಿನಕ್ಕೆ ಐದು ಲೀಟರಿಗಿಂತ ಜಾಸ್ತಿ ಕುಡಿದಂತೆ.

ಇದೆಲ್ಲ ತಂಪು ದೇಶದವರ ಲೆಕ್ಕ ಅಂತ ಮನೆಯಲ್ಲಿ ಯಾರಾದರೂ ಅಂದರೆ ದೆಹಲಿ ತೋರಿಸಿ. ಅಲ್ಲಿನ ಬೇಸಿಗೆಯೂ ನಮ್ಮದರಂತೆ ಒಣ ಬಿಸಿಲು, ಬಿಸಿ ಗಾಳಿ. ಆ ಬೇಸಿಗೆಯಲ್ಲಿ ಕೂಸುಗಳನ್ನು ನೋಡಿ ಮಾಡಿದ ಅಧ್ಯಯನ 1991ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಎದೆಹಾಲಿನ ಮೇಲೆ ನೀರು ಕುಡಿಸಿದ್ದರಿಂದ ಕೂಸುಗಳಿಗೆ ಯಾವ ಲಾಭವೂ ಕಾಣಲಿಲ್ಲ.

ಲಾಭ ಇಲ್ಲದಿದ್ದರೆ ಹೋಗಲಿ, ಎರಡು ಚಮಚ ಹಾಕಿದರೆ ನಷ್ಟ ಏನು? ಇದನ್ನು ನಾನೂ ಕೇಳಿದವಳೇ. ನನ್ನ ಮೊದಲನೆಯವನು ಬಾಣಂತಿ ಕೋಣೆಯಲ್ಲಿದ್ದಾಗಲೂ ಇಂಥದ್ದೇ ಬಿಸಿಲು. ನಾನು ಸ್ನಾನಕ್ಕೆ ಹೋದಾಗ ನಮ್ಮವ್ವ ಸಕ್ಕರೆ ನೀರು ಕುಡಿಸಿಬಿಟ್ಟಿದ್ದಳು. ಹುಡುಗ ಸಂಜೆಯವರೆಗೆ ಎದೆಗೆ ಬಾಯಿ ಹಾಕಲಿಲ್ಲ. ನನಗೆ ಎದೆ ಕಟ್ಟಿ ಜ್ವರ ಬಂದಹಾಗಾಯಿತು. ಕೂಸಿನ ಹೊಟ್ಟೆ ಎಷ್ಟಿರುತ್ತದೆ ಹೇಳಿ. ನೀರು ತುಂಬಿದರೆ ಹಾಲಿಗೆ ಜಾಗವಿಲ್ಲ. ಕೂಸು ಚೀಪುವುದು ಕಡಿಮೆಯಾದರೆ ಹಾಲು ಉತ್ಪತ್ತಿಯೂ ಇಳಿಯುತ್ತದೆ. ಆಮೇಲೆ "ಹಾಲು ಸಾಲಲ್ಲ" ಅಂತ ಪುಡಿ ಡಬ್ಬಿ ಮನೆಗೆ ಬರುತ್ತದೆ.

ಇನ್ನೊಂದು, ಕೂಸಿನ ಕಿಡ್ನಿ ಇನ್ನೂ ಎಳೆಯದು. ಹೆಚ್ಚಿನ ನೀರನ್ನು ಬೇಗ ಹೊರಗೆ ಹಾಕಲು ಬರುವುದಿಲ್ಲ. ನೀರು ಜಾಸ್ತಿಯಾದರೆ ರಕ್ತದಲ್ಲಿನ ಉಪ್ಪಿನಂಶ ತೆಳುವಾಗುತ್ತದೆ, ತೀರಾ ಇಳಿದರೆ ಫಿಟ್ಸ್ ಬರಬಹುದು. ಎರಡು ಚಮಚಕ್ಕೆ ಇಷ್ಟೆಲ್ಲ ಆಗಲ್ಲ, ನಿಜ. ಆದರೆ ಎರಡು ಚಮಚ ದಿನಕ್ಕೆ ನಾಲ್ಕು ಸಲ ಒಳಲೆ ತುಂಬಾ ಆಗಲು ಎಷ್ಟು ಹೊತ್ತು? ಇನ್ನು ಒಳಲೆಯ ಮೂತಿಯೊಳಗೆ ಬೆರಳು ಹಾಕಿ ಉಜ್ಜಲು ಆಗುವುದಿಲ್ಲ. ಬೇಸಿಗೆಯ ವಾಂತಿ-ಭೇದಿಗೆ ಅದೊಂದು ಸಾಕು. ಜನ್ಮಘುಟ್ಟಿ, ಗ್ರೈಪ್ ವಾಟರ್ ಕೂಡ ಬೇಡ. ಜೇನುತುಪ್ಪವಂತೂ ಒಂದು ವರ್ಷದವರೆಗೆ ಮುಟ್ಟಿಸಬೇಡಿ.

"ನಾವು ನಿಮ್ಮನ್ನೆಲ್ಲ ನೀರು ಕುಡಿಸೇ ಬೆಳೆಸಿಲ್ವಾ" ಅನ್ನೋ ಮಾತು ಬಂದೇ ಬರುತ್ತದೆ. ವಾದಕ್ಕೆ ಇಳಿಯಬೇಡಿ. ಆಗ ದೊಡ್ಡ ದೊಡ್ಡವರೇ ನಾಲ್ಕರಿಂದ ಆರು ತಿಂಗಳಿನ ಮಧ್ಯೆ ಬೇರೆ ಆಹಾರ ಶುರು ಮಾಡಿ ಅನ್ನುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಪೂರ್ತಿ ಆರು ತಿಂಗಳು ಅಂತ ಬದಲಿಸಿದ್ದು 2001ರಲ್ಲಿ. ನಿಮ್ಮ ಅತ್ತೆಯವರು ಆಗ ಕೇಳಿದ್ದನ್ನೇ ಈಗ ಹೇಳುತ್ತಿದ್ದಾರೆ.

ಕೂಸಿಗೆ ಸಾಕಾಗುತ್ತಿದೆಯೋ ಇಲ್ಲವೋ ಅಂತ ತಿಳಿಯಲು ಒದ್ದೆ ಬಟ್ಟೆ ಎಣಿಸಿ. ಹಗಲು ರಾತ್ರಿ ಸೇರಿ ಆರು ಸಲವಾದರೂ ಉಚ್ಚೆ ಹೊಯ್ದರೆ, ಅದು ತಿಳಿಯಾಗಿದ್ದರೆ, ತೂಕ ಏರುತ್ತಿದ್ದರೆ ನೀರಿನ ಮಾತೇ ಬೇಡ. ಈ ದಿನಗಳಲ್ಲಿ ಕೂಸು ಗಂಟೆಗೊಮ್ಮೆ ಎದೆ ಹುಡುಕಿ ಎರಡು ನಿಮಿಷ ಕುಡಿದು ಬಿಡಬಹುದು. ಅದು ಬಾಯಾರಿಕೆಗೆ ಕುಡಿಯುವ ರೀತಿ. ಮೊದಲು ಬರುವ ಹಾಲು ತೆಳ್ಳಗೇ ಇರುತ್ತದೆ. ಕೇಳಿದಾಗೆಲ್ಲ ಕೊಡಿ, ಗಡಿಯಾರ ನೋಡಬೇಡಿ.

ಈಗ ನಿಮ್ಮ ವಿಷಯ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ ಅಂತ ಅಳೆದು ಕೊಡುವ ಮನೆಗಳು ನಮ್ಮ ಕಡೆ ಇನ್ನೂ ಇವೆ. ಕೂಸಿಗೆ ಬೇಡವಾದ ನೀರು ಕುಡಿಸುವುದು, ತಾಯಿಗೆ ಬೇಕಾದ ನೀರು ತಪ್ಪಿಸುವುದು. ಇದು ನನಗೆ ಯಾವತ್ತೂ ಅರ್ಥ ಆಗಿಲ್ಲ. ದಿನಾ ಮುಕ್ಕಾಲು ಲೀಟರ್ ಹಾಲು ನಿಮ್ಮ ಮೈಯಿಂದ ಹೋಗುತ್ತಿದೆ, ಮೇಲೆ ಬೆವರು ಬೇರೆ. ನೀರು ಕುಡಿದಷ್ಟೂ ಹಾಲು ಹೆಚ್ಚುತ್ತದೆ ಅಂತಲ್ಲ, ಹಾಲು ಹೆಚ್ಚುವುದು ಕೂಸು ಚೀಪಿದಷ್ಟು. ಆದರೆ ನೀವು ಒಣಗಿದರೆ ತಲೆನೋವು, ಉರಿಮೂತ್ರ, ಸುಸ್ತು. ಹಾಲು ಕುಡಿಸಲು ಕೂತಾಗೆಲ್ಲ ಪಕ್ಕದಲ್ಲಿ ಒಂದು ತಂಬಿಗೆ ನೀರಿರಲಿ. ಮಜ್ಜಿಗೆ, ಅಂಬಲಿ, ತೊಗರಿ ಬೇಳೆ ಕಟ್ಟಿನ ಸಾರು ಎಲ್ಲ ಆಗುತ್ತದೆ. ಅಂಟಿನ ಉಂಡಿ ಬೇಕಾದರೆ ತಿನ್ನಿ, ನನಗೂ ಇಷ್ಟ, ಆದರೆ ನೀರು ಬಿಟ್ಟು ಅದನ್ನೇ ತಿನ್ನಬೇಡಿ.

ಕಿಟಕಿ ಮುಚ್ಚಿ, ಕೆಂಡ ಇಟ್ಟು, ಕುಂಚಿಗೆ ಕಟ್ಟಿ ಕೂಸನ್ನು ಬೆಚ್ಚಗಿಡುವುದು ಚಳಿಗಾಲದ ಪದ್ಧತಿ. ಈಗ ತೆಳು ಹತ್ತಿಯ ಜುಬ್ಬಾ ಒಂದೇ ಸಾಕು. ಮಾಳಿಗೆ ಕಾದು ರಾತ್ರಿ ಹನ್ನೊಂದಾದರೂ ಕೋಣೆ ಆರದಿದ್ದರೆ ಕೆಳಗಿನ ಮನೆಯಲ್ಲಿ ಮಲಗಿ. ಶಹಾಬಾದ್ ಕಲ್ಲಿನ ನೆಲದ ಮೇಲೆ ಹಳೆ ಸೀರೆ ಮಡಿಸಿ ಹಾಸಿದರೆ ತಂಪು. ಕೂಲರ್ ಇಡಬಹುದು, ಗಾಳಿ ನೇರ ಮುಖಕ್ಕೆ ಬೇಡ. ಒಂದು ಕಿಟಕಿ ತೆರೆದಿಡಿ, ಇಲ್ಲದಿದ್ದರೆ ಕೋಣೆ ಬರೀ ತೇವ ಆಗುತ್ತದೆ. ಅದರ ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ಉಜ್ಜಿ ಒಣಗಿಸಿ. ಡೆಂಗ್ಯೂ ಸೊಳ್ಳೆ ಅಲ್ಲೇ ಹುಟ್ಟುತ್ತದೆ. ಕೂಸಿಗೆ ಸೆಕೆ ಆಗಿದೆಯಾ ಅಂತ ಕೈಕಾಲು ಮುಟ್ಟಿ ನೋಡಬೇಡಿ, ಕತ್ತಿನ ಹಿಂಭಾಗ ಮುಟ್ಟಿ.

ಎಂಟು ಗಂಟೆ ಉಚ್ಚೆ ಇಲ್ಲ, ಬಾಯಿ ಒಣಗಿದೆ, ನೆತ್ತಿ ಕುಳಿ ಬಿದ್ದಿದೆ, ಎಬ್ಬಿಸಿದರೂ ಹಾಲಿಗೆ ಏಳುತ್ತಿಲ್ಲ, ಇಲ್ಲವೇ ಮೈ 38 ಡಿಗ್ರಿ ಸೆಲ್ಸಿಯಸ್ ದಾಟಿದೆ ಅಂದರೆ ಆಸ್ಪತ್ರೆಗೆ ಹೊರಡಿ. ದಾರಿಯಲ್ಲೂ ಎದೆಹಾಲು ಕೊಡುತ್ತಿರಿ. ಪುಡಿ ಹಾಲು ಕುಡಿಯುವ ಕೂಸಿನ ವಿಷಯ ಸ್ವಲ್ಪ ಬೇರೆ, ಅದನ್ನು ನಿಮ್ಮ ಡಾಕ್ಟರನ್ನೇ ಕೇಳಬೇಕು. ಬಿಸಿಲು ಅಂತ ಆ ಪುಡಿಗೆ ನೀರು ಜಾಸ್ತಿ ಬೆರೆಸುವುದು ಮಾತ್ರ ಖಂಡಿತ ಬೇಡ.

ನಿಮ್ಮ ಮಗಳಿಗೆ ಆರು ತಿಂಗಳು ತುಂಬುವುದು ಜುಲೈನಲ್ಲಿ. ಅಷ್ಟೊತ್ತಿಗೆ ಮೃಗಶಿರಾ ಮಳೆ ಆಗಿ, ಹೊಳೆಗೆ ಹೊಸ ನೀರು ಬಂದು, ನಲ್ಲಿಯಲ್ಲಿ ರಾಡಿ ಬರುವ ದಿನಗಳು. ಅವಳು ಮೊದಲ ಸಲ ನೀರು ಕುಡಿಯುವುದು ಸರಿಯಾಗಿ ಅಂಥ ಹೊತ್ತಲ್ಲಿ. ಹಾಗಾಗಿ ಸೋಸಿ, ಕುದಿ ಬಂದ ಮೇಲೂ ಒಂದೆರಡು ನಿಮಿಷ ಕುದಿಸಿ, ಆರಿಸಿ ಕೊಡಿ. ಮೆತ್ತಗಿನ ಅನ್ನ-ಬೇಳೆ ತಿಂದ ಮೇಲೆ ನಾಲ್ಕಾರು ಗುಟುಕು ಸಾಕು. ಒಳಲೆ ಬಿಟ್ಟು ತೊಳೆಯಲು ಸುಲಭವಾದ ಸಣ್ಣ ಸ್ಟೀಲ್ ಲೋಟ ತನ್ನಿ. ಆ ಲೋಟವನ್ನು ಮೊದಲ ದಿನ ಅತ್ತೆಯವರ ಕೈಗೇ ಕೊಡಿ. ಏಪ್ರಿಲ್‌ನಿಂದ ಕಾದಿದ್ದಾರಲ್ವಾ.