ಸರ್ವರ್ ಪ್ರೊಸೆಸ್‌ಗಳನ್ನು ಹೆಚ್ಚಿಸಿದರೆ ಲಾಗಿನ್ ಏಕೆ ಅಳಿಸಿಹೋಗುತ್ತದೆ?

ಓದುಗರ ಪ್ರಶ್ನೆ: ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಆವಕ ಮತ್ತು ದರವನ್ನು ತೋರಿಸುವ ಜಾಲತಾಣವೊಂದನ್ನು ಹಾವೇರಿಯಿಂದ ನಡೆಸುತ್ತಿದ್ದೇವೆ. ಅದು ಜಾಲತಾಣ ಕಟ್ಟುವ ಜಾಂಗೋ ಎಂಬ ತಂತ್ರಾಂಶದಲ್ಲಿದೆ, ಗುನಿಕಾರ್ನ್ ಎಂಬ ಸರ್ವರ್ ತಂತ್ರಾಂಶದ ಮೂಲಕ ನಡೆಯುತ್ತದೆ. ಆವಕ ಹೆಚ್ಚಿದ ದಿನಗಳಲ್ಲಿ ತಾಣ ನಿಧಾನವಾಗುತ್ತಿದ್ದುದರಿಂದ ಪ್ರೊಸೆಸ್‌ಗಳನ್ನು, ಅಂದರೆ ಏಕಕಾಲಕ್ಕೆ ಓಡುವ ಅದೇ ಪ್ರೋಗ್ರಾಮಿನ ಪ್ರತಿಗಳನ್ನು, ಒಂದರಿಂದ ನಾಲ್ಕಕ್ಕೆ ಏರಿಸಿದೆವು. ಅಂದಿನಿಂದ ದಲಾಲರು ಲಾಗಿನ್ ಆದ ಸ್ವಲ್ಪ ಹೊತ್ತಿಗೇ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಡಬ್ಬಿ ಮೆಣಸಿನಕಾಯಿಯ ದರ ತಿದ್ದಿದ ಮೇಲೂ ಒಮ್ಮೆ ಹೊಸ ದರ, ಒಮ್ಮೆ ಹಳೆಯ ದರ ಬರುತ್ತದೆ. ವೇಗಕ್ಕೆಂದು ಸೆಷನ್‌ಗಳನ್ನು (ಯಾರು ಲಾಗಿನ್ ಆಗಿದ್ದಾರೆಂಬ ದಾಖಲೆ) ಕ್ಯಾಶ್‌ನಲ್ಲಿ (ಬೇಗ ಸಿಗಲೆಂದು ತಾತ್ಕಾಲಿಕವಾಗಿ ಇಡುವ ಸಂಗ್ರಹ) ಇಟ್ಟಿದ್ದೇವೆ. ಮತ್ತೆ ಒಂದೇ ಪ್ರೊಸೆಸ್‌ಗೆ ಹೋಗಬೇಕೆ?

ಉತ್ತರ: ಹೋಗಬೇಕಾಗಿಲ್ಲ. ನೀವು ಬರೆದಿರುವ ಎರಡು ತೊಂದರೆಗಳಿಗೂ ಕಾರಣ ಒಂದೇ, ಮತ್ತು ಅದು ಪ್ರೊಸೆಸ್‌ಗಳ ಸಂಖ್ಯೆಯಲ್ಲ, ಕ್ಯಾಶ್ ಇರುವ ಜಾಗ.

ಜಾಂಗೋದಲ್ಲಿ ಕ್ಯಾಶ್ ಎಲ್ಲಿರಬೇಕೆಂದು ನಾವು ಹೇಳದಿದ್ದರೆ, ಅದು ಆಯಾ ಪ್ರೊಸೆಸ್‌ನ ಸ್ವಂತ ಮೆಮೊರಿಯಲ್ಲಿ ಇರುತ್ತದೆ. ಒಂದು ಪ್ರೊಸೆಸ್‌ನ ಮೆಮೊರಿಯನ್ನು ಇನ್ನೊಂದು ನೋಡಲಾರದು. ಇದು ಆಪರೇಟಿಂಗ್ ಸಿಸ್ಟಮ್ ಬೇಕೆಂದೇ ಹಾಕಿದ ಗೋಡೆ. ದಲಾಲಿ ಅಂಗಡಿಯಲ್ಲಿ ನಾಲ್ವರು ಗುಮಾಸ್ತರು ಅಂಗಡಿಯ ಖಾತೆ ಪುಸ್ತಕವನ್ನು ಬಿಟ್ಟು ತಮ್ಮ ತಮ್ಮ ಜೇಬಿನ ಚೀಟಿಯಲ್ಲಿ ಲೆಕ್ಕ ಬರೆದುಕೊಂಡರೆ ಏನಾಗುವುದೋ ನಿಮ್ಮ ಸರ್ವರ್‌ನಲ್ಲಿ ಆಗುತ್ತಿರುವುದೂ ಅದೇ.

ಲಾಗಿನ್‌ನ ವಿಷಯ ಮೊದಲು ನೋಡೋಣ. ದಲಾಲರು ಪಾಸ್‌ವರ್ಡ್ ಕೊಟ್ಟಾಗ ಮೊದಲನೆಯ ಪ್ರೊಸೆಸ್ ಅವರ ಸೆಷನ್ನನ್ನು ತನ್ನ ಮೆಮೊರಿಯಲ್ಲಿ ಬರೆದುಕೊಂಡು, ಅದರ ಗುರುತಿನ ಕೀಲಿಯನ್ನು ಕುಕಿಯಾಗಿ ಅವರ ಬ್ರೌಸರ್‌ಗೆ ಕಳುಹಿಸುತ್ತದೆ. ಮುಂದಿನ ಕೋರಿಕೆ ಮೂರನೆಯ ಪ್ರೊಸೆಸ್‌ನ ಪಾಲಿಗೆ ಬಂದರೆ, ಅದು ತನ್ನ ಮೆಮೊರಿಯಲ್ಲಿ ಆ ಕೀಲಿಯನ್ನು ಹುಡುಕಿ, ಸಿಗದೆ, ಇವರು ಲಾಗಿನ್ ಆಗಿಲ್ಲವೆಂದು ತೀರ್ಮಾನಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ಸೆಷನ್ ಖಾಲಿಯಿದೆಯೆಂದು ಜಾಂಗೋ ಆ ಕುಕಿಯನ್ನೂ ಬ್ರೌಸರ್‌ನಿಂದ ಅಳಿಸಿಬಿಡುತ್ತದೆ. ಆದುದರಿಂದಲೇ ದರ ಹೋಗಿ ಬಂದು ಮಾಡಿದರೂ ಲಾಗಿನ್ ಮಾತ್ರ ಹೋದದ್ದು ಮತ್ತೆ ಬರುವುದಿಲ್ಲ: ಕೋರಿಕೆ ಮೊದಲನೆಯ ಪ್ರೊಸೆಸ್‌ಗೇ ಮರಳಿದರೂ ತೋರಿಸಲು ಕೈಯಲ್ಲಿ ಕೀಲಿಯೇ ಇರುವುದಿಲ್ಲ.

ದರದ ಗೊಂದಲವೂ ಇದೇ ಬಗೆಯದು. ನಾಲ್ಕು ಪ್ರೊಸೆಸ್‌ಗಳ ಕ್ಯಾಶ್‌ಗಳಲ್ಲಿ ದರಪಟ್ಟಿಯ ನಾಲ್ಕು ನಕಲುಗಳಿವೆ. ನೀವು ದರ ತಿದ್ದಿದಾಗ ಆ ಕೋರಿಕೆಯನ್ನು ನಿರ್ವಹಿಸಿದ ಪ್ರೊಸೆಸ್ ಮಾತ್ರ ತನ್ನ ನಕಲನ್ನು ಅಳಿಸುತ್ತದೆ. ಉಳಿದ ಮೂರು ಅವಧಿ ಮುಗಿಯುವವರೆಗೆ ಹಳೆಯದನ್ನೇ ತೋರಿಸುತ್ತಿರುತ್ತವೆ. ಬೇರೆ ಅವಧಿ ಹೇಳದಿದ್ದರೆ ಅದು 300 ಸೆಕೆಂಡು. ರೈತರು ಮೊಬೈಲ್‌ನಲ್ಲಿ ದರ ನೋಡಿ ಮಾಲು ತರಬೇಕೋ ಬೇಡವೋ ಎಂದು ನಿರ್ಧರಿಸುವ ಹೊತ್ತಿನಲ್ಲಿ ಐದು ನಿಮಿಷದ ತಪ್ಪು ದರ ಸಣ್ಣ ಸಂಗತಿಯಲ್ಲ.

ಇಲ್ಲಿ ಹಲವರು ಸೂಚಿಸುವ ಅಡ್ಡದಾರಿಯೊಂದಿದೆ: ಒಬ್ಬ ಬಳಕೆದಾರರ ಎಲ್ಲ ಕೋರಿಕೆಗಳನ್ನೂ ಒಂದೇ ಪ್ರೊಸೆಸ್‌ಗೆ ಅಂಟಿಸುವುದು. ನಿಮ್ಮ ವ್ಯವಸ್ಥೆಯಲ್ಲಿ ಅದು ಸಾಧ್ಯವೇ ಇಲ್ಲ, ಏಕೆಂದರೆ ಗುನಿಕಾರ್ನ್‌ನ ಎಲ್ಲ ವರ್ಕರ್‌ಗಳೂ (ಮೇಲೆ ಹೇಳಿದ ಪ್ರೊಸೆಸ್‌ಗಳೇ) ಒಂದೇ ಸಾಕೆಟ್‌ನಲ್ಲಿ, ಅಂದರೆ ಕೋರಿಕೆಗಳು ಬರುವ ಒಂದೇ ಬಾಗಿಲಲ್ಲಿ, ಕಾಯುತ್ತವೆ, ಯಾವುದಕ್ಕೆ ಕೊಡಬೇಕೆಂದು ಮುಂದೆ ನಿಂತು ಕೋರಿಕೆಗಳನ್ನು ದಾಟಿಸುವ ಎಂಜಿನ್‌ಎಕ್ಸ್‌ನಂಥ ಸರ್ವರ್ ಆರಿಸಲಾರದು. ಹಲವು ಸರ್ವರ್‌ಗಳಿದ್ದಾಗ ಐಪಿ ವಿಳಾಸದ ಮೇಲೆ ಹಂಚಬಹುದಾದರೂ, ಮೊಬೈಲ್ ಜಾಲದಲ್ಲಿ ಅನೇಕರು ಒಂದೇ ವಿಳಾಸದ ಹಿಂದಿರುತ್ತಾರೆ, ಮತ್ತು ವೈಫೈ ಬಿಟ್ಟು ಹೊರಗೆ ಬಂದೊಡನೆ ಒಬ್ಬರದೇ ವಿಳಾಸ ಬದಲಾಗುತ್ತದೆ. ಅಂಟಿಸಿದ ಪ್ರೊಸೆಸ್ ಮರುಪ್ರಾರಂಭವಾದರಂತೂ ಅದರಲ್ಲಿದ್ದ ಎಲ್ಲರ ಸೆಷನ್ನೂ ಹೋಗುತ್ತದೆ. ಈ ದಾರಿಯನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಸರಿಯಾದ ಪರಿಹಾರವೆಂದರೆ, ಎರಡು ಕೋರಿಕೆಗಳ ನಡುವೆ ನೆನಪಿರಬೇಕಾದ ಯಾವುದನ್ನೂ ಪ್ರೊಸೆಸ್‌ನೊಳಗೆ ಇಡದೆ, ಎಲ್ಲ ಪ್ರೊಸೆಸ್‌ಗಳಿಗೂ ಎಟಕುವ ಜಾಗದಲ್ಲಿ ಇಡುವುದು. ಆದರೆ ಸೆಷನ್ ಮತ್ತು ಕ್ಯಾಶ್ ಎರಡನ್ನೂ ಒಂದೇ ತೆರನಾಗಿ ಕಾಣಬಾರದು ಎಂಬುದನ್ನು ಒತ್ತಿ ಹೇಳಬಯಸುತ್ತೇನೆ. ಕ್ಯಾಶ್ ಅಳಿದರೆ ಡೇಟಾಬೇಸ್‌ನಿಂದ ಮತ್ತೆ ತುಂಬಿಕೊಳ್ಳಬಹುದು. ಸೆಷನ್ ಅಳಿದರೆ ಅದನ್ನು ಮತ್ತೆ ಕಟ್ಟಲು ಆಧಾರವೇ ಇರುವುದಿಲ್ಲ. ನಿಮ್ಮಷ್ಟು ಗಾತ್ರದ ತಾಣಕ್ಕೆ ಸೆಷನ್‌ಗಳನ್ನು ಡೇಟಾಬೇಸ್‌ನಲ್ಲಿಯೇ ಇಡುವುದು ಸಾಕು, ಜಾಂಗೋದ ಮೂಲ ಏರ್ಪಾಡೂ ಅದೇ. ಅವಧಿ ಮೀರಿದ ಸೆಷನ್‌ಗಳು ಅಲ್ಲಿ ತಾವಾಗಿ ಅಳಿಯುವುದಿಲ್ಲವಾದ್ದರಿಂದ, ಅವುಗಳನ್ನು ತೆಗೆಯುವ ಜಾಂಗೋ ಆದೇಶವನ್ನು ದಿನಕ್ಕೊಮ್ಮೆ ನಡೆಸಿರಿ.

ಕ್ಯಾಶ್‌ಗೆ ರೆಡಿಸ್ (ಎಲ್ಲ ಪ್ರೊಸೆಸ್‌ಗಳೂ ಹಂಚಿಕೊಳ್ಳಬಲ್ಲ, ಮೆಮೊರಿಯಲ್ಲಿ ದತ್ತಾಂಶ ಇಡುವ ಸರ್ವರ್) ಬಳಸಬಹುದು, ಜಾಂಗೋ 4.0 ಆವೃತ್ತಿಯಿಂದ ಅದಕ್ಕೆ ಬೇಕಾದ ಜೋಡಣೆ ಜಾಂಗೋದಲ್ಲಿಯೇ ಇದೆ. ರೆಡಿಸ್‌ಗೆ ಮೆಮೊರಿಯ ಮಿತಿ ಹಾಕಿ, ತುಂಬಿದಾಗ ಬಹುಕಾಲ ಬಳಸದ ಕೀಲಿಗಳನ್ನು, ಅಂದರೆ ಹೆಸರಿಟ್ಟು ಉಳಿಸಿದ ದಾಖಲೆಗಳನ್ನು, ಕೈಬಿಡುವಂತೆ ಹೇಳಿರಿ. ಮುಂದೊಂದು ದಿನ ಸೆಷನ್‌ಗಳನ್ನು ರೆಡಿಸ್‌ನಲ್ಲಿ ಮಾತ್ರ ಇಡಲು ಹೊರಟರೆ ಅವುಗಳಿಗೆ ಬೇರೆಯದೇ ರೆಡಿಸ್ ಸರ್ವರ್ ಬೇಕು. ಒಂದೇ ರೆಡಿಸ್‌ನೊಳಗೆ ಡೇಟಾಬೇಸ್ ಸಂಖ್ಯೆಯನ್ನು ಬದಲಿಸಿದರೆ ಸಾಲದು, ಮೆಮೊರಿಯ ಮಿತಿ ಇಡೀ ಸರ್ವರ್‌ಗೆ ಒಂದೇ ಆಗಿರುವುದರಿಂದ ಕ್ಯಾಶ್ ಉಬ್ಬಿದಾಗ ದಲಾಲರ ಲಾಗಿನ್‌ಗಳೂ ಕೊಚ್ಚಿಹೋಗಬಹುದು.

ಕ್ಯಾಶನ್ನು ಹಂಚಿಕೊಂಡ ಮೇಲೂ ಹಳೆಯ ದರ ಉಳಿಯುವ ಒಂದು ಸಂದಿಯಿದೆ. ದರವನ್ನು ಡೇಟಾಬೇಸ್‌ನಲ್ಲಿ ಖಾಯಂ ಮಾಡುವ ಮುನ್ನವೇ ಕ್ಯಾಶ್ ಕೀಲಿಯನ್ನು ಅಳಿಸಿದರೆ, ಆ ನಡುವಿನ ಕ್ಷಣದಲ್ಲಿ ಇನ್ನೊಂದು ಪ್ರೊಸೆಸ್ ಹಳೆಯ ದರವನ್ನೇ ಓದಿ ಕ್ಯಾಶ್‌ಗೆ ತುಂಬಿಬಿಡಬಹುದು. ಆದ್ದರಿಂದ ಅಳಿಸುವ ಕೆಲಸವನ್ನು ಡೇಟಾಬೇಸ್‌ನ ವಹಿವಾಟು (ಟ್ರಾನ್ಸಾಕ್ಷನ್) ಕಮಿಟ್ ಆದ, ಅಂದರೆ ಖಾಯಂ ಆದ, ನಂತರವೇ ನಡೆಯುವಂತೆ ಜೋಡಿಸಿ, ಜೊತೆಗೆ ದರಪಟ್ಟಿಗೆ 30 ಸೆಕೆಂಡಿನಷ್ಟು ಚಿಕ್ಕ ಅವಧಿಯನ್ನೇ ಇಡಿರಿ. ದಲಾಲರ ಸ್ವಂತ ಲೆಕ್ಕದ ಪುಟಗಳನ್ನು ಮಾತ್ರ ಹಂಚಿಕೆಯ ಕ್ಯಾಶ್‌ನಲ್ಲಿ ಇಡಲೇಬೇಡಿ. ಕೀಲಿಯಲ್ಲಿ ಬಳಕೆದಾರರ ಗುರುತು ತಪ್ಪಿಹೋದರೆ ಒಬ್ಬರ ಬಿಲ್ ಇನ್ನೊಬ್ಬರಿಗೆ ಕಾಣಿಸುತ್ತದೆ, ಲಾಗಿನ್ ಹೋಗುವುದಕ್ಕಿಂತ ಅದು ಬಹಳ ದೊಡ್ಡ ಅನಾಹುತ.

ಬೇರೆ ತಂತ್ರಾಂಶ ಬಳಸುವವರಿಗೂ ಒಂದು ಮಾತು: ಜಾಂಗೋದಂತೆಯೇ ಜಾಲತಾಣ ಕಟ್ಟುವ ಫ್ಲಾಸ್ಕ್‌ನಲ್ಲಿ ಸೆಷನ್ ಸಹಿ ಹಾಕಿದ ಕುಕಿಯಲ್ಲೇ ಇರುತ್ತದಾದರೂ, ಸಹಿಯ ರಹಸ್ಯ ಕೀಲಿಯನ್ನು ಪ್ರತಿ ಪ್ರೊಸೆಸ್ ಆರಂಭದಲ್ಲಿ ಹೊಸದಾಗಿ ಹುಟ್ಟಿಸಿಕೊಂಡರೆ, ಒಂದರ ಸಹಿಯನ್ನು ಇನ್ನೊಂದು ಒಪ್ಪದೆ, ಇದೇ ರೋಗ ಕಾಣಿಸುತ್ತದೆ.

ಈ ದೋಷ ನಿಮ್ಮ ಸ್ವಂತ ಕಂಪ್ಯೂಟರ್‌ನಲ್ಲಿ ಕಾಣಿಸದಿರಲು ಕಾರಣ, ಜಾಂಗೋದ ಅಭಿವೃದ್ಧಿ ಸರ್ವರ್ ಎಲ್ಲ ಕೋರಿಕೆಗಳನ್ನೂ ಒಂದೇ ಪ್ರೊಸೆಸ್‌ನಲ್ಲಿ ನಡೆಸುವುದು. ಆದುದರಿಂದ ಬದಲಾವಣೆ ಮಾಡಿದ ಮೇಲೆ ಅಲ್ಲಿಯೂ ಗುನಿಕಾರ್ನನ್ನು ನಾಲ್ಕು ವರ್ಕರ್‌ಗಳೊಂದಿಗೆ ಓಡಿಸಿ, ಪ್ರತಿ ಉತ್ತರದ ಹೆಡರ್‌ನಲ್ಲಿ ಪ್ರೊಸೆಸ್ ಸಂಖ್ಯೆಯನ್ನು ಸೇರಿಸಿ, ಲಾಗಿನ್ ಆಗಿ ಪುಟವನ್ನು ಮತ್ತೆ ಮತ್ತೆ ತೆರೆಯಿರಿ. ನಾಲ್ಕೂ ಸಂಖ್ಯೆಗಳು ಕಾಣಿಸಿಕೊಂಡ ಮೇಲೂ ಲಾಗಿನ್ ಉಳಿದಿದ್ದು, ತಿದ್ದಿದ ದರ ನಾಲ್ಕರಲ್ಲೂ ಒಂದೇ ಆಗಿದ್ದರೆ ಹಾವೇರಿಯ ಸರ್ವರ್‌ಗೆ ಏರಿಸಬಹುದು.